ಬದುವಿನ ಮೇಲಿನ ಚೆಂಡು

ರಬ್ಬರಿಲ್ಲದ ಪೆನ್ಸಿಲ್ಲನ್ನು ನೀವು ಕಂಡಿದ್ದೀರೋ ಇಲ್ಲವೋ ಗೊತ್ತಿಲ್ಲ. ತೋರುಬೆರಳಿನಷ್ಟೇ ಉದ್ದ, ಹಸಿರು ಬಣ್ಣ, ಹಿಂತುದಿ ಬೋಳು. ಹೋದ ವಾರ ಹಳೆಯ ಡೈರಿಗಳಿಗೆ ಗೆದ್ದಲು ಹತ್ತಿದೆಯೇನೋ ಎಂದು ಟ್ರಂಕು ತೆರೆದಾಗ ಒಂದು ಡೈರಿಯ ಬೆನ್ನಿನ ಸಂದಿಯಿಂದ ಅಂಥದೊಂದು ಉರುಳಿ ಬಿತ್ತು. ಅವ್ವ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಇದ್ಯಾನ ಕೂಸೇ, ಪೆನ್ಸಿಲ್ ಮರಿನಾ?” ಎಂದಳು.

ಗಾಲ್ಫ್ ಆಡುವವರು ತಮ್ಮ ಏಟುಗಳನ್ನು ಬರೆದುಕೊಳ್ಳಲು ಬಳಸುವ ಪೆನ್ಸಿಲ್ ಅದು. ಅಳಿಸುವುದಕ್ಕೆ ಅದರಲ್ಲಿ ಜಾಗ ಕೊಟ್ಟಿಲ್ಲ. ತಮಿಳುನಾಡಿನ ಗಡಿಯೊಳಗಿನ ಪಣಕಹಳ್ಳಿಯಲ್ಲಿ ಹುಟ್ಟಿ, ತಾಳವಾಡಿಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಟ್ರಂಕಿಗೆ ಅದು ಹೇಗೆ ಬಂತು ಎಂದು ನೀವು ಕೇಳಿದರೆ ತಪ್ಪಲ್ಲ. ನಮ್ಮ ಬೆಟ್ಟದ ಮೇಲೆ ಮೂರು ವರ್ಷ, ವರ್ಷಕ್ಕೆ ಮೂರು ದಿನ, ಗಾಲ್ಫ್ ಪಂದ್ಯ ನಡೆಯಿತು. ಅದೂ ಐವತ್ತು ದಾಟಿದ ವೃತ್ತಿ ಆಟಗಾರರಿಗೆ ಮಾತ್ರ. ಒಟ್ಟು ಒಂಬತ್ತು ದಿನ. ಆ ಒಂಬತ್ತರಲ್ಲಿ ಕೊನೆಯ ದಿನವನ್ನು ಬರೆಯುವುದಕ್ಕೆ ನಾನು ಇಷ್ಟು ವರ್ಷ ತೆಗೆದುಕೊಂಡಿದ್ದೇನೆ.

ನಾನು ಲೆಕ್ಕ ಇಡುವವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಳನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಸತ್ಯಮಂಗಲದ ಬಸ್ಸು ಎಷ್ಟು ನಿಮಿಷ ತಡ, ಮಳೆ ಎಷ್ಟು ಹೊತ್ತು, ಹಾಸನೂರಿನ ದಾರಿಯಲ್ಲಿ ಕಂಡ ಆನೆ ಎಷ್ಟು, ಅದರಲ್ಲಿ ಮರಿ ಎಷ್ಟು. ಒಮ್ಮೆ ಅವ್ವ ದಿನಕ್ಕೆ ಎಷ್ಟು ಸಲ “ಅಯ್ಯೋ ಮಾದಪ್ಪ” ಎನ್ನುತ್ತಾಳೆಂದು ಒಂದು ವಾರ ಎಣಿಸಿದೆ. ಗುರುವಾರ ನಲವತ್ತೊಂದಕ್ಕೆ ಏರಿತ್ತು. ಅದನ್ನು ಅವಳಿಗೆ ಹೇಳಿದ ಕ್ಷಣವೇ ನಲವತ್ತೆರಡಾಯಿತು. ದಿನಾಂಕ ಹಾಕಿ ಬರೆದದ್ದು ನನ್ನ ಮಟ್ಟಿಗೆ ನಿಜ. ಬರೆಯದೆ ಇದ್ದದ್ದು ನಡೆದೇ ಇಲ್ಲ. ಈ ನಂಬಿಕೆ ಎಷ್ಟು ಅಪಾಯದ್ದು ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನಮ್ಮೂರಿನಾಚೆ, ಕಾಡಿನ ಅಂಚಿನ ಆನೆ ಕಂದಕಕ್ಕೆ ಹತ್ತಿಕೊಂಡಂತೆ, ಕೊಯಮತ್ತೂರಿನ ಒಬ್ಬ ಶ್ರೀಮಂತರು ಹೊಲಗಳನ್ನು ಕೊಂಡು ಹುಲ್ಲು ಬೆಳೆಸಿದ್ದರು. ರಾಗಿ ಬೆಳೆಯುವ ನೆಲದಲ್ಲಿ ಹುಲ್ಲು ಬೆಳೆಸಿ, ಆ ಹುಲ್ಲನ್ನು ದನಕ್ಕೂ ಹಾಕದೆ ಕತ್ತರಿಸಿ ಎಸೆಯುವುದನ್ನು ಕಂಡು ಊರವರಿಗೆ ಹೊಟ್ಟೆ ಉರಿಯಿತು. ಅಲ್ಲಲ್ಲಿ ಒಂಬತ್ತು ಕುಳಿ ತೋಡಿ ಬಾವುಟ ನೆಟ್ಟಿದ್ದರಿಂದ ಜನ ಅದಕ್ಕೆ ‘ಕುಳಿ ಒಲ’ ಎಂದು ಹೆಸರಿಟ್ಟರು. ಆಟಕ್ಕೆ ಹದಿನೆಂಟು ಕುಳಿ ಬೇಕಂತೆ. ಇರುವ ಒಂಬತ್ತನ್ನೇ ಎರಡು ಸುತ್ತು ಹಾಕಿ ಹದಿನೆಂಟು ಮಾಡಿಕೊಳ್ಳುತ್ತಿದ್ದರು. ನಡುವಿನ ಹುಲ್ಲನ್ನು ಚಾಪೆಯ ಹಾಗೆ ಇಟ್ಟಿದ್ದರೂ ಎರಡು ಪಕ್ಕದ ಒರಟು ನೆಲವನ್ನು ಮುಟ್ಟಿರಲಿಲ್ಲ. ಹಳೆಯ ಹೊಲಗಳ ಬದುಗಳು ಹಾಗೇ ಉಳಿದಿದ್ದವು. ಆ ಬದುಗಳು ಯಾರ ಯಾರದ್ದು ಎಂದು ಅವ್ವ ಈಗಲೂ ಕಣ್ಣು ಮುಚ್ಚಿ ಹೇಳುತ್ತಾಳೆ. ಒಂದು ಕಾಲದಲ್ಲಿ ಅಲ್ಲೆಲ್ಲ ಅವಳು ಕಳೆ ಕಿತ್ತವಳು. ಕುಳಿ ಹೊಲವಾದ ಮೇಲೂ ಅಲ್ಲೇ ಕಳೆ ಕೀಳಲು ಹೋಗುತ್ತಿದ್ದಳು. ಕಳೆಯ ಹೆಸರು ಮಾತ್ರ ಬದಲಾಗಿತ್ತು. ಮೊದಲು ರಾಗಿಯ ನಡುವೆ ಬಂದ ಹುಲ್ಲು ಕಳೆ, ಈಗ ಹುಲ್ಲಿನ ನಡುವೆ ಬಂದ ರಾಗಿ ಕಳೆ.

ಮೊದಲ ವರ್ಷದ ಪಂದ್ಯದ ಕಾಗದಗಳು ಪ್ರತಿ ತೆಗೆಯಲು ನಮ್ಮ ಅಂಗಡಿಗೆ ಬಂದವು. ಅದರಲ್ಲೊಂದು ಈ ನೆಲಕ್ಕೆಂದೇ ಮಾಡಿದ ನಿಯಮ: ಆನೆಯ ಹೆಜ್ಜೆಗುಂಡಿಯಲ್ಲಿ ಚೆಂಡು ಬಿದ್ದರೆ ದಂಡವಿಲ್ಲದೆ ಎತ್ತಿ ಪಕ್ಕದಲ್ಲಿ ಬಿಟ್ಟುಕೊಳ್ಳಬಹುದು, ಲದ್ದಿಗೂ ಇದೇ ಅನ್ವಯ. ಐವತ್ತು ಪ್ರತಿ ತೆಗೆದೆ, ಐವತ್ತು ಸಲ ನಕ್ಕೆ. ಕಾಗದ ತಂದಾತ ನಾನು ಪುಟಗಳನ್ನು ಎಣಿಸುವ ರೀತಿ ನೋಡಿ, “ಅಂಕ ಬರೆದುಕೊಳ್ಳಲು ಬರುತ್ತೀಯಾ?” ಎಂದು ತಮಿಳಿನಲ್ಲಿ ಕೇಳಿದ. ಹಾಗೆ ನನಗೊಂದು ಟೋಪಿಯೂ ರಬ್ಬರಿಲ್ಲದ ಪೆನ್ಸಿಲ್ಲೂ ಸಿಕ್ಕಿದವು. ಆಟದ ನಿಯಮಗಳ ಪುಸ್ತಕವೂ ಪ್ರತಿ ತೆಗೆಯಲು ಬಂದಿತ್ತು. ಅಂಕ ಬರೆಯುವ ಪುಟಗಳನ್ನು ನನಗಾಗಿ ಒಂದು ಪ್ರತಿ ಇಟ್ಟುಕೊಂಡೆ. ಉಳಿದ ಪುಟಗಳು ನನಗೆ ಬೇಡವೆನಿಸಿದವು.

ಹಿರಿಯರ ಪಂದ್ಯ ಎಂದರೆ ಏನೆಂದು ಮೊದಲ ದಿನ ಬೆಳಿಗ್ಗೆಯೇ ತಿಳಿಯಿತು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ಬಂದ ಆಟಗಾರರಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡಿದ್ದರು. ಡೇರೆಯ ತುಂಬ ನೀಲಗಿರಿ ಎಣ್ಣೆಯ ವಾಸನೆ. ಮೊಣಕಾಲಿಗೆ ಪಟ್ಟಿ, ಸೊಂಟಕ್ಕೆ ಪಟ್ಟಿ, ಜೇಬಿನಲ್ಲಿ ಮಾತ್ರೆ ಡಬ್ಬಿ. ಮೂರನೇ ಕುಳಿ ಮುಟ್ಟುವುದರೊಳಗೆ ಹನ್ನೊಂದು ಜನ ಲಂಟಾನಾ ಪೊದೆಯ ಹಿಂದೆ ಹೋಗಿ ಬಂದರು. ಅದೂ ನನ್ನ ಡೈರಿಯಲ್ಲಿದೆ. ಆದರೆ ಕೋಲು ಕೈಗೆ ಬಂದ ಕೂಡಲೆ ಆ ಸೊಂಟಗಳು ತಿರುಗುತ್ತಿದ್ದ ರೀತಿ ಬೇರೆ. ಬೇಲಿಗೆ ಆತು ನೋಡುತ್ತಿದ್ದ ನಮ್ಮೂರಿನ ಗಂಡಸೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: “ಚೆಂಡು ದೂರ ಓಗ್ಲಿ ಅಂತ ಒಡೀತವೆ, ಓದ್ಮೇಲೆ ಉಡೀಕ್ಕೊಂಡು ನಡೀತವೆ. ಸುಮ್ನೆ ಅತ್ರ ಒಡೆದ್ರೆ ಆಗಕಿಲ್ವಾ ಕಣ್ಲಾ?” ಅದಕ್ಕೆ ಮತ್ತೊಬ್ಬ, “ನಮ್ ಮಾದೇವ ಅವ್ನಲ್ಲ, ಕೇಳು ಅವ್ನ” ಎಂದ.

ಮಾದೇವ ನನ್ನ ಸೋದರಮಾವ. ಅವ್ವನಿಗಿಂತ ನಾಲ್ಕು ವರ್ಷ ಚಿಕ್ಕವನು. ಆ ಪಂದ್ಯಕ್ಕೆ ಬಂದ ಆಟಗಾರರಲ್ಲಿ ಈ ಬೆಟ್ಟದಲ್ಲಿ ಹುಟ್ಟಿದವನು ಅವನೊಬ್ಬನೇ. ಇಪ್ಪತ್ತನೇ ವಯಸ್ಸಿಗೆ ಕೂಲಿಗೆಂದು ಊಟಿಗೆ ಹೋಗಿ, ಅಲ್ಲಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸಿ, ಆಮೇಲೆ ಆಡಲು ಬಂದ ದೊರೆಗಳ ಕೋಲಿನ ಚೀಲ ಹೊತ್ತು, ಮುರಿದ ಕೋಲೊಂದಕ್ಕೆ ತಂತಿ ಸುತ್ತಿಕೊಂಡು ಆಟ ಕಲಿತ. ಕೊಯಮತ್ತೂರಿನಲ್ಲಿ ಆಟ ಹೇಳಿಕೊಡುವವನಾದ. ವೃತ್ತಿ ಆಟಗಾರನೆಂಬ ಚೀಟಿ ಸಿಕ್ಕಿದಾಗ ಅವನಿಗೆ ನಲವತ್ತು ದಾಟಿತ್ತು. ಹರೆಯದವರ ಜೊತೆ ಆಡಿ ಎಲ್ಲೂ ದಡ ಸೇರಲಿಲ್ಲ. ಐವತ್ತಾಗಲಿ ಎಂದು ಕಾದ. ಬೇರೆಯವರು ಐವತ್ತಕ್ಕೆ ಹೆದರುತ್ತಾರೆ. ನಮ್ಮ ಮಾವ ಅದನ್ನು ಹಬ್ಬದ ಹಾಗೆ ಎದುರು ನೋಡಿದ. ಅವನ ಆಟ ದೂರ ಹೊಡೆಯುವ ಆಟವಲ್ಲ, ನೆಟ್ಟಗೆ ಹೊಡೆಯುವ ಆಟ. ಕಳೆ ಕೀಳುವವರ ಮನೆಯವನಿಗೆ ಸಾಲು ತಪ್ಪದಿರುವುದು ಗೊತ್ತಿರುತ್ತದೆ.

ಹಿರಿಯರ ಪಂದ್ಯದಲ್ಲಿ ಮೊದಲ ಹದಿನೈದರೊಳಗೆ ನಿಂತವರಿಗೆ ಮುಂದಿನ ವರ್ಷವಿಡೀ ದೇಶದ ಎಲ್ಲ ಕಡೆಯ ಹಿರಿಯರ ಪಂದ್ಯಗಳಿಗೆ ನೇರ ಪ್ರವೇಶ. ಉಳಿದವರು ಪ್ರತಿ ಸಲ ಅರ್ಹತೆಯ ಆಟ ಆಡಿ ಒಳಗೆ ಬರಬೇಕು. ಮಾವನಿಗೆ ಬೇಕಾಗಿದ್ದದ್ದು ಆ ಒಂದು ವರ್ಷ. ಮೊದಲ ಸಲ ಇಪ್ಪತ್ತೆಂಟನೆಯವನಾದ. ಎರಡನೇ ಸಲ ಇಪ್ಪತ್ತೆರಡು. ಮೂರನೇ ಸಲ ಬಂದಾಗ ಅವನಿಗೆ ಐವತ್ತಮೂರು, ಎಡ ಮೊಣಕಾಲು ಬಾತಿತ್ತು. ಬಂದ ದಿನ ಅವ್ವ ಬಿಸಿ ಹರಳೆಣ್ಣೆ ತಿಕ್ಕುತ್ತಾ, “ಸಾಕ್ ಬುಡ್ಲಾ ಮಾದೇವ, ಇನ್ನೇನ್ ಆಡೀಯೆ” ಎಂದಳು. ಮಾವ, “ಇದೊಂದ್ ವರ್ಸ ಕಣಕ್ಕ. ಇದೊಂದ್ ವರ್ಸ ಬಂದ್ಬುಟ್ರೆ, ಆಡ್ದೋನು ಅಂತ ಅನ್ನಿಸ್ಕೊಂಡು ಕೆಳಕ್ ಕುಂತ್ಕತ್ತೀನಿ” ಎಂದ.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ನಮ್ಮ ಕಡೆ ಹೊಲದಲ್ಲಿ ಯಾರದಾದರೂ ವಸ್ತು ಸಿಕ್ಕಿದರೆ ಅದನ್ನು ಮನೆಗೆ ಒಯ್ಯುವಂತಿಲ್ಲ, ಬಿದ್ದಲ್ಲೇ ಬಿಡುವಂತೆಯೂ ಇಲ್ಲ. ಹತ್ತಿರದ ಬದುವಿನ ಮೇಲೆ, ಕಳೆದುಕೊಂಡವರ ಕಣ್ಣಿಗೆ ಬೀಳುವ ಹಾಗೆ ಎತ್ತಿಡಬೇಕು. ಬರಿಯ ಮಣ್ಣಿನ ಮೇಲಲ್ಲ. ಕೆಳಗೊಂದು ಎಲೆ ಹಾಸಿ ಇಡಬೇಕು. ಎಲೆ ಇದ್ದರೆ ಯಾರೋ ಎತ್ತಿಟ್ಟದ್ದು, ಇನ್ನೊಬ್ಬರು ಮುಟ್ಟಬಾರದು ಎಂದು ಅರ್ಥ. ಚಿಕ್ಕವಳಿದ್ದಾಗ ಅವ್ವನ ಹಿಂದೆ ಹೋಗುತ್ತಾ ಬದುಗಳ ಮೇಲೆ ನಾನು ಕಂಡದ್ದಕ್ಕೆ ಪಟ್ಟಿಯೇ ಇದೆ. ಕುಡುಗೋಲು ಆರು, ಕಾಲುಂಗುರ ಎರಡು, ಒಂಟಿ ಚಪ್ಪಲಿ ಲೆಕ್ಕವಿಲ್ಲ. ಒಮ್ಮೆ ಎಕ್ಕದ ಎಲೆಯ ಮೇಲೆ ಯಾರದೋ ಹಲ್ಲುಸೆಟ್ಟು ಆಕಾಶ ನೋಡಿಕೊಂಡು ನಗುತ್ತಿತ್ತು. ಮೂರು ದಿನ ಅಲ್ಲೇ ಇತ್ತು. ಮಳೆ ಬಂದಾಗ ಯಾರೋ ಮೇಲೂ ಒಂದು ಎಲೆ ಮುಚ್ಚಿದ್ದರು. ನಾಲ್ಕನೆಯ ದಿನ ಹಲ್ಲೂ ಇಲ್ಲ, ಎಲೆಯೂ ಇಲ್ಲ. ಯಾರದ್ದೆಂದು ಯಾರೂ ಕೇಳಲಿಲ್ಲ. ಆಮೇಲೆ ಒಂದು ತಿಂಗಳು ನಾನು ಎದುರು ಬಂದ ಮುದುಕರನ್ನೆಲ್ಲ ನಗಿಸಲು ನೋಡಿದೆ.

ಇದನ್ನು ಯಾರೂ ನಮಗೆ ಕೂರಿಸಿ ಕಲಿಸಿದ್ದಲ್ಲ. ಉಸಿರಾಟದ ಹಾಗೆ ಬಂದದ್ದು.

ಮೂರನೇ ವರ್ಷದ ಪಂದ್ಯವೂ ಫೆಬ್ರವರಿಯಲ್ಲೇ ನಡೆಯಿತು, ಶುಕ್ರ, ಶನಿ, ಭಾನುವಾರ. ಅಷ್ಟರಲ್ಲಿ ಜನರ ಉತ್ಸಾಹ ಬತ್ತಿತ್ತು. ಮೊದಲ ವರ್ಷ ಬೇಲಿಯುದ್ದಕ್ಕೂ ನಿಂತವರು ಈ ಸಲ ಬರಲಿಲ್ಲ. ಭಾನುವಾರ ಬೆಳಿಗ್ಗೆ ಎಣಿಸಿದೆ: ಪ್ರೇಕ್ಷಕರು ಇಪ್ಪತ್ತೇಳು, ಅದರಲ್ಲಿ ನಾಲ್ಕು ನಾಯಿ. ಡೇರೆಯೂ ಎರಡರಿಂದ ಒಂದಕ್ಕೆ ಇಳಿದಿತ್ತು. ಯಜಮಾನರು ಉದ್ಘಾಟನೆಗೂ ಬಂದಿರಲಿಲ್ಲ. ಹಿಂದಿನ ರಾತ್ರಿಗಳಲ್ಲಿ ಆನೆಗಳು ಕಂದಕ ದಾಟಿ ಬಂದು ಹುಲ್ಲಿನ ಮೇಲೆ ಓಡಾಡಿದ್ದವು. ಮುಚ್ಚಿದಷ್ಟು ಮುಚ್ಚಿ, ಉಳಿದ ಹೆಜ್ಜೆಗುಂಡಿಗಳಲ್ಲಿ ನೀರು ನಿಂತಿತ್ತು. ಸಾಯುವವರ ಮನೆಗೆ ನೆಂಟರು ಬಂದಾಗ ಒಂದು ಬಗೆಯ ಮೆಲುದನಿಯ ಗಡಿಬಿಡಿ ಇರುತ್ತದಲ್ಲ, ಅಂಥದ್ದೇನೋ ಆ ಡೇರೆಯಲ್ಲಿತ್ತು.

ಕಳೆ ಕೀಳುವ ಹೆಂಗಸರಿಗೆ ಈ ಸಲ ಹೊಸ ಕೆಲಸ ಕೊಟ್ಟಿದ್ದರು. ಒರಟು ನೆಲದಲ್ಲಿ ಅಲ್ಲಲ್ಲಿ ನಿಂತು, ಚೆಂಡು ಎಲ್ಲಿ ಬಿತ್ತೆಂದು ನೋಡಿ, ಪಕ್ಕದಲ್ಲಿ ಚಿಕ್ಕ ಕೆಂಪು ಬಾವುಟ ಚುಚ್ಚಬೇಕು. ಶುಕ್ರವಾರ ಬೆಳಿಗ್ಗೆ ಸತ್ಯಮಂಗಲದ ಮೇಸ್ತ್ರಿ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗದರಿದ: “ಪಂದೈ ಯಾರೂ ತೊಡಕ್ಕೂಡಾದು! ತೊಟ್ಟಾ, ಅಂದ ಆಳ್ ಔಟ್!” ಯಾರೂ ಚೆಂಡು ಮುಟ್ಟಬಾರದು, ಮುಟ್ಟಿದರೆ ಆ ಆಟಗಾರನ ಆಟವೇ ಮುಗಿಯಿತು ಎಂದು. ನಾನು ಅದನ್ನು ದಿನಾಂಕ, ಸಮಯ ಹಾಕಿ ಡೈರಿಯಲ್ಲಿ ನಿಯಮವೆಂದೇ ಬರೆದುಕೊಂಡೆ. ಹೆಂಗಸರು ಚೆಂಡು ಸೆರಗಿಗೆ ಕಟ್ಟಿಕೊಳ್ಳದಿರಲಿ ಎಂದು ಅವನು ಹೆದರಿಸುತ್ತಿದ್ದಾನೆ ಎಂಬುದು ನನಗೆ ಹೊಳೆಯಲಿಲ್ಲ. ಅವ್ವನಿಗೆ ಹೊಳೆದಿತ್ತು. ಅವಳು ಪಕ್ಕದವಳಿಗೆ, “ಅದು ಕಳ್ರಿಗೆ ಏಳೋ ಮಾತು, ನಮ್ಗಲ್ಲ ಬುಡು” ಎಂದದ್ದು ನನ್ನ ಕಿವಿಗೂ ಬಿದ್ದಿತ್ತು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಮಾವ ಶುಕ್ರವಾರ ಎಪ್ಪತ್ತನಾಲ್ಕು ಏಟಿಗೆ ಮುಗಿಸಿದ, ಶನಿವಾರ ಎಪ್ಪತ್ತೆರಡಕ್ಕೆ. ಏಟು ಕಡಿಮೆಯಾದಷ್ಟೂ ಒಳ್ಳೆಯದು. ಭಾನುವಾರ ಅವನ ಜೋಡಿ ಚಂಡೀಗಢದ ಒಬ್ಬ ಸರ್ದಾರ್ಜಿ. ಬಿಳಿ ಗಡ್ಡ, ಎರಡೂ ಮೊಣಕಾಲಿಗೆ ಪಟ್ಟಿ, ಪ್ರತಿ ಏಟಿಗೂ ಮುಂಚೆ ದೇವರನ್ನೋ ಡಾಕ್ಟರನ್ನೋ ನೆನೆಯುತ್ತಿದ್ದರು. ಈ ಆಟದಲ್ಲಿ ಒಬ್ಬನ ಅಂಕವನ್ನು ಜೋಡಿಯವನು ಬರೆಯುತ್ತಾನೆ, ಕೊನೆಗೆ ಆಡಿದವನು ನೋಡಿ ಸಹಿ ಹಾಕುತ್ತಾನೆ. ನಾನು ಅವರ ಹಿಂದೆ ನಡೆಯುತ್ತಾ ಡೇರೆಗೆ ಅಂಕ ತಿಳಿಸುವವಳು. ಆ ದಿನ ಲೆಕ್ಕ ನನಗೆ ಮಾತ್ರ ಪೂರ್ತಿ ಗೊತ್ತಿತ್ತು. ಹದಿನಾರು ಕುಳಿ ಮುಗಿದಾಗ ಮಾವ ಹದಿನಾಲ್ಕನೇ ಸ್ಥಾನದಲ್ಲಿದ್ದ. ಉಳಿದ ಎರಡನ್ನು ತಪ್ಪಿಲ್ಲದೆ ಆಡಿದರೆ ಸಾಕು.

ಹದಿನೇಳನೆಯದರಲ್ಲಿ, ಎಂದರೆ ಎಂಟನೇ ಬಾವುಟದ ಎರಡನೇ ಸುತ್ತಿನಲ್ಲಿ, ಮಾವನ ಮೊದಲ ಏಟು ಬಲಕ್ಕೆ ಜಾರಿತು. ಮೊಣಕಾಲು ತಿರುಗಿರಲಿಲ್ಲ. ಚೆಂಡು ಬದುಗಳಿದ್ದ ಒರಟು ನೆಲಕ್ಕೆ ಹೋಯಿತು. ಮಾವನೂ ಸರ್ದಾರ್ಜಿಯೂ ತಗ್ಗಿನಲ್ಲಿದ್ದರು, ಅವರಿಗೆ ಕಾಣದು. ನಾನು ದಿಬ್ಬದ ಮೇಲಿದ್ದೆ. ಅಲ್ಲಿ ನಿಂತಿದ್ದವಳು ಅವ್ವ. ಅವಳು ಬಗ್ಗಿ ನೋಡಿದ್ದು ಕಂಡಿತು. ಕೈ ಹಾಕಿ ಏನನ್ನೋ ತೆಗೆದು ಸೆರಗಿನಲ್ಲಿ ಒರೆಸಿದ್ದು ಕಂಡಿತು. ಪಕ್ಕದ ಗಿಡದಿಂದ ಎಲೆಯೊಂದನ್ನು ಕಿತ್ತದ್ದು ಕಂಡಿತು. ಬದುವಿನ ಮೇಲಿಟ್ಟು, ಬಾವುಟ ಚುಚ್ಚಿ, ದೂರ ಸರಿದು ನಿಂತಳು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

ನನ್ನ ತಲೆಯಲ್ಲಿ ಮೇಸ್ತ್ರಿಯ ಮಾತು ಮೊಳಗಿತು. ಮುಟ್ಟಿದರೆ ಆ ಆಳು ಔಟು.

ಮೊದಲು ತಲುಪಿದವರು ಸರ್ದಾರ್ಜಿ. ಚೆಂಡು ಬದುವಿನ ನೆತ್ತಿಯ ಮೇಲೆ, ಹಸಿರು ಎಕ್ಕದ ಎಲೆಯ ಮೇಲೆ, ದೇವರ ಮುಂದಿನ ನಿಂಬೆಹಣ್ಣಿನ ಹಾಗೆ ಕೂತಿತ್ತು. ಅವರು ಹೊಟ್ಟೆ ಕುಲುಕಿಸಿ ನಕ್ಕು, “ನಿನ್ನ ಊರು, ನಿನ್ನ ದೇವರು!” ಎಂದು ಹಿಂದಿಯಲ್ಲಿ ಹೇಳಿ ತಮ್ಮ ಚೆಂಡಿನ ಕಡೆಗೆ ಹೋದರು. ಮಾವ ನಿಂತ. ಎಲೆ ನೋಡಿದ. ಸುತ್ತಲ ಬದುಗಳನ್ನೆಲ್ಲ ಒಂದು ಸಲ ನೋಡಿದ. ನಲವತ್ತು ಹೆಜ್ಜೆ ದೂರದಲ್ಲಿ ಅವ್ವ ಬಾಯ ತುಂಬ ನಗುತ್ತಾ ನಿಂತಿದ್ದಳು. ಅವಳನ್ನು ನೋಡಿದನೋ ಇಲ್ಲವೋ ತಿಳಿಯದು. ಆಮೇಲೆ ದಿಬ್ಬ ಇಳಿದು ಬಂದಿದ್ದ ನನ್ನ ಕಡೆ ತಿರುಗಿದ.

“ಯಾರಾರ ಮುಟ್ಟುದ್ರಾ ಕೂಸೇ?”

“ಇಲ್ಲ ಮಾವ.”

“ನೋಡ್ದಾ ನೀನು?”

“ಯಾರೂ ಮುಟ್ಟಿದ್ದ ನಾ ನೋಡ್ಲಿಲ್ಲ.”

ಮಾವ ತಲೆಯಾಡಿಸಿದ. ಕೋಲು ಆರಿಸಿಕೊಂಡ. ಬದುವಿನ ಮೇಲೆ ಮೊಣಕಾಲಿಗೆ ಭಾರ ಬೀಳದ ಹಾಗೆ ಕಾಲಿಟ್ಟು, ಒಂದೇ ಸಲ ಬೀಸಿದ. ಎಲೆ ಹರಿದು ಹಾರಿತು. ಅಷ್ಟು ಚೆಂದದ ಏಟನ್ನು ಆ ಒಂಬತ್ತು ದಿನಗಳಲ್ಲಿ ನಾನು ಬೇರೆ ಯಾರಿಂದಲೂ ಕಾಣಲಿಲ್ಲ. ಚೆಂಡು ಹೋಗಿ ಬಾವುಟದ ಹತ್ತಿರ ಹತ್ತು ಅಡಿಗೆ ನಿಂತಿತು. ಅಲ್ಲಿಂದ ಎರಡು ತಳ್ಳು. ಒಟ್ಟು ನಾಲ್ಕು, ಆ ಕುಳಿಗೆ ಗೊತ್ತುಮಾಡಿದಷ್ಟೇ. ತಪ್ಪಿಲ್ಲ. ಹದಿನೆಂಟನೆಯದೂ ತಪ್ಪಿಲ್ಲದೆ ಮುಗಿಯಿತು. ಎಪ್ಪತ್ತೊಂದು. ಮಾವ ಹದಿನಾಲ್ಕನೆಯವನು. ನಾನು ಡೈರಿಯಲ್ಲಿ ಅದನ್ನು ಆಗಲೇ ಬರೆದುಬಿಟ್ಟೆ, ಆ ಪೆನ್ಸಿಲ್ಲಿನಲ್ಲೇ.

ಡೇರೆಯಲ್ಲಿ ಒಂದು ಮೇಜು, ಅದರ ಹಿಂದೆ ತೀರ್ಪುಗಾರರು. ಟೋಪಿ ಹಾಕಿದ ತೆಳ್ಳನೆಯ ವಯಸ್ಸಾದವರು, ಮಾತು ಮೆತ್ತಗೆ. ಸರ್ದಾರ್ಜಿ ಅಂಕದ ಚೀಟಿಯನ್ನು ಮಾವನ ಮುಂದಿಟ್ಟು ಬೆನ್ನು ತಟ್ಟಿದರು. ಮಾವ ಸಹಿಗೆ ಪೆನ್ಸಿಲ್ಲು ಎತ್ತಿಕೊಂಡವನು ಹಾಗೇ ಕೂತ. ನಾನು ಡೇರೆಯ ಬಾಗಿಲಲ್ಲಿ ನಿಂತಿದ್ದೆ. ಎಷ್ಟು ಹೊತ್ತು ಎಂದು ಈ ಒಂದು ಸಲ ನಾನು ಎಣಿಸಲಿಲ್ಲ.

ಕೊನೆಗೆ ಅವನು ತಮಿಳಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದ: ಹದಿನೇಳನೆಯದರಲ್ಲಿ ಚೆಂಡನ್ನು ಯಾರೋ ಎತ್ತಿ ಬೇರೆ ಕಡೆ ಇಟ್ಟಿದ್ದರು.

“ಯಾರು?” ಎಂದರು ತೀರ್ಪುಗಾರರು.

“ಯಾರೋ.”

“ಹೊಡೆಯುವಾಗ ನಿನಗೆ ಅದು ಗೊತ್ತಿತ್ತೇ?”

ಗೊತ್ತಿರಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಿಳಿಯದೆ ಆಡಿದವನಿಗೆ ದಂಡವಿಲ್ಲ. ಮಾವ ಹೇಳಿದ: “ಗೊತ್ತಿತ್ತು ಸಾರ್.”

ಸರ್ದಾರ್ಜಿ ಗಡ್ಡ ನೀವಿಕೊಂಡು ಡೇರೆಯ ಸೂರು ನೋಡಿದರು. ತಿಳಿದೂ ಬೇರೆ ಜಾಗದಿಂದ ಹೊಡೆದದ್ದಕ್ಕೆ ತೀರ್ಪುಗಾರರು ಎರಡು ಏಟು ಸೇರಿಸಿದರು. ಎಪ್ಪತ್ತಮೂರು. ಮಾವ ಸಹಿ ಹಾಕಿ ಎದ್ದ. ಹದಿನೇಳನೇ ಸ್ಥಾನ. ಅವನು ಎದ್ದ ಮೇಲೆ ಅವರು, ಬೈಯುವ ಹಾಗಲ್ಲ, ಮಗನಿಗೆ ಹೇಳುವ ಹಾಗೆ ಹೇಳಿದರು: “ಅಲ್ಲೇ ನನ್ನನ್ನು ಕೂಗಿದ್ದರೆ ಆಗುತ್ತಿತ್ತಲ್ಲಪ್ಪ. ಇದ್ದ ಜಾಗಕ್ಕೆ ವಾಪಸು ಇಟ್ಟು ಆಡು ಅನ್ನುತ್ತಿದ್ದೆ. ಬೇರೆಯವರು ಮುಟ್ಟಿದರೆ ದಂಡವೇ ಇಲ್ಲ.”

ದಂಡವೇ ಇಲ್ಲ. ಆ ಪುಟವನ್ನೂ ನಾನೇ ಪ್ರತಿ ತೆಗೆದಿದ್ದೆ. ಓದಿರಲಿಲ್ಲ.

ಮಾವ ಆ ಸಂಜೆಯ ಬಸ್ಸಿಗೇ ಹೊರಟುಹೋದ. ಊಟಕ್ಕೆ ನಿಲ್ಲಲಿಲ್ಲ; ಮೊಣಕಾಲು ನೋವು ಎಂದ. ಅವ್ವನೂ ನಾನೂ ಮನೆಗೆ ನಡೆದು ಬರುವಾಗ ಅವಳು ಗುಟ್ಟು ಹೇಳುವವಳ ಹಾಗೆ ನನ್ನ ಮೊಣಕೈ ಹಿಡಿದಳು. “ಎಲ್ಲಿ ಬಿದ್ದಿತ್ತು ಗೊತ್ತಾ ಮಗ ಅವ್ನ ಚೆಂಡು? ಆನೆ ಎಜ್ಜೆ ಗುಂಡೀಲಿ. ನೀರೊಳಕ್ಕೆ ಮುಳ್ಗೋಗಿತ್ತು. ಕೆಂಪ್ ಚುಕ್ಕಿ ಇಟ್ಟಿರ್ತಾನಲ್ಲ, ಅದ ನೋಡಿ ನಮ್ ಮಾದೇವಂದೇ ಅಂತ ತಿಳ್ದೆ. ಎಂಗ್ ಬುಟ್ ಬರದು ಏಳು?”

ಆನೆ ಹೆಜ್ಜೆ. ಆ ನಿಯಮವನ್ನು ನಾನು ಐವತ್ತು ಸಲ ಓದಿ ನಕ್ಕಿದ್ದೆ. ಚೆಂಡನ್ನು ವಾಪಸು ಗುಂಡಿಗೆ ಹಾಕಿದ್ದರೂ ಅದೇ ನಿಯಮದಂತೆ ಮತ್ತೆ ಎತ್ತಿ ಒಣ ನೆಲಕ್ಕೆ ಬಿಡಬಹುದಿತ್ತು, ಪುಕ್ಕಟೆಯಾಗಿ. ನಾನು ನಿಜ ಹೇಳಿದ್ದರೆ ಮಾವನಿಗೆ ಸೊನ್ನೆ ದಂಡ. ಹೇಳದ್ದಕ್ಕೆ ಎರಡು. ನನ್ನ ಇಡೀ ಜೀವನದಲ್ಲಿ ನಾನು ಮಾಡಿದ ಅತಿ ಸರಳ ಲೆಕ್ಕ ಅದು. ಡೈರಿಯಲ್ಲಿ ಎಪ್ಪತ್ತೊಂದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಎಪ್ಪತ್ತಮೂರು ಎಂದು ಬರೆದೆ. ಕಾರಣ ಎಂಬ ಸಾಲನ್ನು ಖಾಲಿ ಬಿಟ್ಟೆ.

ಮುಂದಿನ ವರ್ಷದ ಪಂದ್ಯಕ್ಕೆ ಮಾವ ಬಂದಾಗ ಹೇಳಿಬಿಡಬೇಕು, ಆಗ ಅವನು ಗೆದ್ದಿದ್ದರೆ ಇಬ್ಬರೂ ನಕ್ಕುಬಿಡಬಹುದು ಎಂದು ನಾನು ಯೋಜನೆ ಹಾಕಿಕೊಂಡೆ. ಮುಂದಿನ ವರ್ಷ ಬಂತು, ಪಂದ್ಯ ಬರಲಿಲ್ಲ. ನಿಂತಿದೆ ಎಂದು ಯಾರೂ ಹೇಳಲಿಲ್ಲ. ಅಂಗಡಿಗೆ ಕಾಗದಗಳು ಬರಲಿಲ್ಲ, ಅಷ್ಟೆ. ಜನವರಿ ಪೂರ್ತಿ ನಾನು ಬಾಗಿಲ ಕಡೆ ನೋಡಿದೆ. ಫೆಬ್ರವರಿಯಲ್ಲಿ ಒಂದು ಭಾನುವಾರ ಹೋಗಿ ನೋಡಿದರೆ ಬಾವುಟಗಳಿರಲಿಲ್ಲ. ಕಾವಲಿನವನೂ ಇರಲಿಲ್ಲ. ಚಾಪೆಯಂತಿದ್ದ ಹುಲ್ಲಿನಲ್ಲಿ ತುಂಬೆ ಎದ್ದಿತ್ತು. ಒಬ್ಬರು ಅರಣ್ಯ ಇಲಾಖೆ ಎಂದರು, ಇನ್ನೊಬ್ಬರು ಯಜಮಾನರಿಗೆ ಬೇಸರವಾಯಿತು ಎಂದರು, ಮತ್ತೊಬ್ಬರು ಅಷ್ಟು ತಿರುವು ಹತ್ತಿ ಯಾವ ಮುದುಕ ಬರುತ್ತಾನೆ ಎಂದರು. ಮದುವೆ ಮುರಿದರೆ ನಾಲ್ಕು ಜನ ನಾಲ್ಕು ಕಾರಣ ಹೇಳುತ್ತಾರೆ. ಇದು ಮದುವೆಯಷ್ಟೂ ದೊಡ್ಡದಾಗಿರಲಿಲ್ಲ. ಈಗ ಅಲ್ಲಿ ಲಂಟಾನಾ ಎದೆಮಟ್ಟ ಬೆಳೆದಿದೆ, ಕುಳಿಗಳು ಎಲ್ಲಿದ್ದವೆಂದು ನನಗೂ ಹುಡುಕಲಾಗದು.

ಮಾವ ಒಂದು ಸಲ ಬೇರೆ ಊರಿಗೆ ಹೋಗಿ ಅರ್ಹತೆಯ ಆಟ ಆಡಿದ, ಆಗಲಿಲ್ಲ. ಮೊಣಕಾಲಿಗೆ ಸೂಜಿ ಹಾಕಿಸಿಕೊಂಡ. ಆಮೇಲೆ ಆಡಲಿಲ್ಲ. ಈಗ ಕೊಯಮತ್ತೂರಿನಲ್ಲಿ ವಾರಕ್ಕೆ ಎರಡು ದಿನ ಕುರ್ಚಿಯ ಮೇಲೆ ಕೂತು ಬೇರೆಯವರಿಗೆ ಹೇಳಿಕೊಡುತ್ತಾನೆ. ಹಬ್ಬಗಳಿಗೆ ಬರುತ್ತಾನೆ. ಬಂದಾಗಲೆಲ್ಲ ಹೇಳಬೇಕೆಂದುಕೊಂಡು ನಾನು ಹೇಳದೆ ಉಳಿದದ್ದು ಹದಿನಾಲ್ಕು ಸಲ.

ಹದಿನೈದನೆಯ ಸಲ ಈ ಸಂಕ್ರಾಂತಿಗೆ. ಮಧ್ಯಾಹ್ನ ಜಗುಲಿಯಲ್ಲಿ ಅವನೂ ನಾನೂ ಅವರೆಕಾಯಿ ಸುಲಿಯುತ್ತಿದ್ದೆವು. ಅವ್ವ ಒಳಗೆ ಒಲೆಯ ಮುಂದಿದ್ದಳು. ಮಾವ ಮೊಣಕಾಲು ಚಾಚಿ ಕೂತಿದ್ದ. ಯಾವ ಪೀಠಿಕೆಯೂ ಇಲ್ಲದೆ ನನ್ನ ಬಾಯಿಂದ ಹೊರಟಿತು.

“ಮಾವ, ಆವತ್ತು ಅವ್ವ ಚೆಂಡೆತ್ತಿ ಮಡಗಿದ್ದ ನಾನು ನೋಡಿದ್ದೆ. ನೋಡ್ಲಿಲ್ಲ ಅಂದ್ಬುಟ್ಟೆ.”

ಅವನು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದ. ಮೂರು ಕಾಳು. “ಗೊತ್ತು ಕಣವ್ವ.”

“ಎಂಗ್ ಗೊತ್ತು?”

“ಎಕ್ಕದೆಲೆ ಆಕಿ ಮಡಗೋರು ಯಾರು ಮತ್ತೆ, ಚಂಡೀಗಡದೋರಾ?” ಎಂದು ನಕ್ಕ. ನಗು ಬೇಗ ಮುಗಿಯಿತು.

“ಗೊತ್ತಿದ್ರೆ ಮತ್ಯಾಕ ಕೇಳ್ದೆ ನನ್ನ? ಮುಟ್ಟುದ್ರೆ ನಿನ್ ಆಟನೇ ಓಯ್ತದೆ ಅಂದ್ಕಂಡು ನಾ ಸುಳ್ಳೇಳ್ದೆ. ನಿಂಗೆ ರೂಲು ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಕೂಗಿದ್ರೆ ವಾಪಸ್ ಮಡಗು ಅಂದಿರೋರು. ದಂಡ ಏನಿಲ್ಲ.” ಇನ್ನೊಂದು ಕಾಯಿ ಎತ್ತಿಕೊಂಡ, ಸುಲಿಯಲಿಲ್ಲ. “ವಾಪಸ್ ಅಂದ್ರೆ ಎಲ್ಲಿಗೋ, ಯಾವ್ ಪೊದೆ ಒಳಕ್ಕೋ. ಬದುನ್ ಮೇಲಿಂದ ಬಾವುಟ ನೆಟ್ಟಗೆ ಕಾಣ್ತಿತ್ತು ಕಣವ್ವ. ಆ ಮೂರ್ ದಿನ್ದಲ್ಲಿ ಅಂತಾ ಜಾಗ ನಂಗೆ ಸಿಕ್ಕೇ ಇರ್ಲಿಲ್ಲ. ಆಸೆ ಆಗೋಯ್ತು. ಐವತ್ಮೂರ್ ವರ್ಸುಕ್ಕೆ ಆಸೆ ಆಗೋಯ್ತು.”

ನಾನು ಅವನ ಕೈಯಿಂದ ಆ ಕಾಯಿ ತೆಗೆದುಕೊಂಡು ಸುಲಿದೆ.

“ಬೇರೆ ಯಾರ್ನಾದ್ರೂ ಕೇಳ್ಬೋದಿತ್ತು. ಅಕ್ಕನ್ನೇ ಕೂಗಿ ಕೇಳಿದ್ರೂ ಊಂ ಅಂದಿರೋಳು, ಅವ್ಳಿಗೆ ಯಾವ ಅಂಜ್ಕೆ? ನಿನ್ ಮೊಕ ನೋಡ್ದೆ, ಬಿಳಿಚ್ಕೊಂಡಿತ್ತು. ಇದು ಇಲ್ಲ ಅನ್ತದೆ ಅಂತ ನಂಗೆ ಗೊತ್ತಾಯ್ತು. ಅದ್ಕೇ ನಿನ್ನ ಕೇಳ್ದೆ.” ಮೊಣಕಾಲು ನೀವಿಕೊಂಡು, “ಕೇಳ್ಬಾರ್ದಿತ್ತು” ಎಂದ.

ಇಷ್ಟು ವರ್ಷ ನನ್ನದೊಬ್ಬಳದೇ ಎಂದು ಹೊತ್ತಿದ್ದರಲ್ಲಿ ಅರ್ಧ ಅವನದೆಂದು ತಿಳಿದರೆ ಹಗುರವಾಗಬೇಕಿತ್ತು. ಆಗಲಿಲ್ಲ. ಎರಡು ಏಟನ್ನು ಇಬ್ಬರಿಗೆ ಹಂಚಿದರೆ ತಲೆಗೊಂದು ಎಂದು ಬರುವುದಿಲ್ಲ. ಇಬ್ಬರಿಗೂ ಎರಡೆರಡೇ ಬರುತ್ತದೆ. ಮಾವನ ಬೆರಳುಗಳ ಮೇಲೆ ಅವರೆಯ ಸೊಗಡು ಅಂಟಿ ಹೊಳೆಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮಾದಮ್ಮ ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದಳು. ಈ ಊರಿಗೆ ಹೊಸಬಳು, ಹೋದ ವರ್ಷ ತಾಳಮಲೆಯಿಂದ ಬಂದವಳು. ಅವ್ವ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, “ಇವ್ನೇ ಕಣ ನನ್ ತಮ್ಮ, ಗಾಲ್ಪು ಆಡ್ತಿದ್ದೋನು” ಎಂದು ತೋರಿಸಿದಳು. ಹಾಗೆ ತೋರಿಸಿದ ಮೇಲೆ ಮುಂದಿನ ಮಾತು ಬರಲೇಬೇಕಿತ್ತು. ಬಂದವರಿಗೆಲ್ಲ ಅವ್ವ ಹೇಳುವ ಮಾತು. ಮಾವನ ಎದುರಿಗೆ ಹೇಳಿದ್ದು ಮಾತ್ರ ಇದೇ ಮೊದಲು.

“ದೊಡ್ಡ ದೊಡ್ಡೋರ ಜೊತೆ ಆಡಿ ಹದಿನೇಳ್ನೇವ್ನಾಗಿ ಬಂದ ಕಣ ಮಾದಮ್ಮ. ಅವತ್ತು ಆನೆ ಎಜ್ಜೇಲಿ ಬಿದ್ ಚೆಂಡ ನಾನೇ ಎತ್ತಿ ಬದುನ್ಮೇಲೆ ಮಡಗ್ದೆ. ನಾನಿಲ್ದಿದ್ರೆ ಇನ್ನೂ ಇಂದ್ಕೆ ಓಗಿರೋನು. ಅಲ್ವೇನ್ಲಾ?”

ಮಾವ ಅವರೆಕಾಯಿಯಿಂದ ತಲೆ ಎತ್ತಿದ. “ಊಂ ಕಣಕ್ಕ. ನೀನಿಲ್ದಿದ್ರೆ ಕಳ್ದೇ ಓಗಿರೋದು.”

ಮಾದಮ್ಮ ನಂಬಿದಳೋ ಇಲ್ಲವೋ, ತಟ್ಟೆ ಹಿಡಿದು ನಗುತ್ತಾ ನಿಂತಿದ್ದಳು. ಅವ್ವನಿಗೆ ಅಷ್ಟು ಸಾಲಲಿಲ್ಲ. ನನ್ನ ಭುಜ ಅಲುಗಿಸಿದಳು. “ಏಳೇ ಕೂಸೇ, ನೀನೂ ಅಲ್ಲೇ ಇದ್ದಲ್ಲ. ನೋಡ್ಲಿಲ್ವಾ ನೀನು?”

ಮಾವ ನನ್ನ ಮುಖ ನೋಡಿದ.

“ಊಂ ಮಾದಕ್ಕ,” ಎಂದೆ. “ಅವ್ವ ಎತ್ತಿ ಮಡಗಿದ್ದ ನಾನು ಕಣ್ಣಾರೆ ನೋಡ್ದೆ.”